ಆಲಿಸ್ ಸ್ಟೀವರ್ಟ್

ಆಲಿಸ್ ಮೇರಿ ಸ್ಟೀವರ್ಟ್ (ಅಕ್ಟೋಬರ್ ೪, ೧೯೦೬ – ಜೂನ್ ೨೩, ೨೦೦೨) ಇಂಗ್ಲೆಂಡಿನ ವೈದ್ಯೆ ಹಾಗೂ ಸಂಶೋಧಕಿ. ಗರ್ಭಿಣಿಯರ ಹೊಟ್ಟೆಯ ಕ್ಷ-ಕಿರಣ (ಎಕ್ಸ್-ರೇ) ಚಿತ್ರ ತೆಗೆಯುವುದರಿಂದ ಹುಟ್ಟುವ ಮಗುವಿಗೆ ಕ್ಯಾನ್ಸರ್ ತಗಲುವ ಸಂಭವ ಹೆಚ್ಚುತ್ತದೆ ಎಂಬುದನ್ನು ಇವರು ಬೆಳಕಿಗೆ ತಂದರು.

ಜೀವನ

ಇವರು ಶೆಫೀಲ್ಡ್ ನಗರದಲ್ಲಿ ಜನಿಸಿದರು. ತಂದೆ ತಾಯಿ ಇಬ್ಬರೂ ವೈದ್ಯರು. ಕೇಂಬ್ರಿಡ್ಜ್‌ನ ಗರ್ಟನ್ ಕಾಲೇಜು ಹಾಗೂ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡು ಕಾರ್ಖಾನೆಗಳ ಕಾರ್ಮಿಕರ ಆರೋಗ್ಯವನ್ನು ಕುರಿತು ಅಧ್ಯಯನ ನಡೆಸಿದರು. ಅನಂತರ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸೇವೆ ಸಲ್ಲಿಸಿದರು.

ಆಕ್ಸ್‌ಫರ್ಡ್ ಸಮೀಕ್ಷೆ

೧೯೫೦ರ ದಶಕದಲ್ಲಿ ಮಕ್ಕಳಲ್ಲಿ ರಕ್ತಕ್ಯಾನ್ಸರ್ ಹೆಚ್ಚುತ್ತಿದ್ದುದರ ಕಾರಣವನ್ನು ಹುಡುಕಲು ಇವರು ತಾಯಂದಿರನ್ನೇ ಪ್ರಶ್ನಿಸಲು ನಿರ್ಧರಿಸಿದರು. ಇದಕ್ಕೆ ಲೇಡಿ ಟಾಟಾ ಸ್ಮಾರಕ ನಿಧಿಯಿಂದ ೧,೦೦೦ ಪೌಂಡುಗಳ ನೆರವು ದೊರೆಯಿತು. ಈ ನಿಧಿಯು ರಕ್ತಕ್ಯಾನ್ಸರಿನಿಂದ ೧೯೩೧ರಲ್ಲಿ ತೀರಿಕೊಂಡ ಮೆಹರ್‌ಬಾಯಿ ಟಾಟಾ ಅವರ ನೆನಪಿನದು. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದ ಎಚ್. ಜೆ. ಭಾಭಾ ಅವರ ಮಗಳಾದ ಮೆಹರ್‌ಬಾಯಿ ಬಾಲ್ಯವನ್ನು ಬೆಂಗಳೂರು, ಮೈಸೂರುಗಳಲ್ಲಿ ಕಳೆದವರು.

ಕ್ಯಾನ್ಸರಿನಿಂದ ಮೃತಪಟ್ಟ ಮಕ್ಕಳ ತಾಯಂದಿರು ಗರ್ಭಿಣಿಯರಾಗಿದ್ದಾಗ ಹೊಟ್ಟೆಯ ಕ್ಷ-ಕಿರಣ ಚಿತ್ರ ತೆಗೆಸಿದ್ದ ಪ್ರಮಾಣವು ಆರೋಗ್ಯವಂತ ಮಕ್ಕಳ ತಾಯಂದಿರಿಗಿಂತ ಸುಮಾರು ಎರಡರಷ್ಟಿತ್ತು. ೧೯೫೬ ಮತ್ತು ೧೯೫೮ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು. ಮಗುವನ್ನು ಕಳೆದುಕೊಂಡ ತಾಯಿಯ ನೆನಪನ್ನು ನಂಬಲಾಗದು ಎಂದು ಅನೇಕ ತಜ್ಞರು ಆಕ್ಷೇಪಿಸಿದರು. ೧೯೬೨ರಲ್ಲಿ ಅಮೆರಿಕದ ಬ್ರಯಾನ್ ಮ್ಯಾಕ್‌ಮಹೊನ್ ಅವರು ಆಸ್ಪತ್ರೆಯ ದಾಖಲೆಗಳನ್ನೇ ಆಧರಿಸಿ ನಡೆಸಿದ ಅಧ್ಯಯನವೂ ಅಪಾಯವು ಹೆಚ್ಚುವುದನ್ನು ತೋರಿಸಿತು. ಮೊದಲ ಮೂರು ತಿಂಗಳುಗಳಲ್ಲಿ ವಿಕಿರಣ ತಗಲಿದರೆ ಅಪಾಯ ಇನ್ನೂ ಹೆಚ್ಚು ಎಂದು ಸ್ಟೀವರ್ಟ್ ತಂಡವು ಮುಂದೆ ಕಂಡುಕೊಂಡಿತು.

ಭ್ರೂಣದ ಮೇಲೆ ಪರಿಣಾಮ

ಗರ್ಭಧಾರಣೆಯ ಮೊದಲ ಎರಡು ವಾರಗಳಲ್ಲಿ ಅಧಿಕ ವಿಕಿರಣ ತಗಲಿದರೆ ಭ್ರೂಣವು ನಾಶವಾಗಬಹುದು. ಉಳಿದರೆ ಸಾಮಾನ್ಯವಾಗಿ ಅಂಗದೋಷವಿಲ್ಲದೆ ಬೆಳೆಯುತ್ತದೆ. ಮೂರರಿಂದ ಎಂಟನೆಯ ವಾರದವರೆಗೆ ಅಂಗಗಳು ರೂಪುಗೊಳ್ಳುವುದರಿಂದ ಅಂಗವೈಕಲ್ಯದ ಭಯವಿದೆ. ಎಂಟರಿಂದ ಹದಿನೈದನೆಯ ವಾರದಲ್ಲಿ ಮಿದುಳಿಗೆ ಹಾನಿಯಾಗುವ ಸಂಭವ ಅತಿ ಹೆಚ್ಚೆಂಬುದು ಹಿರೋಶಿಮಾ, ನಾಗಸಾಕಿಗಳಲ್ಲಿ ಬದುಕುಳಿದವರ ಅಧ್ಯಯನದಿಂದ ತಿಳಿದುಬಂದಿದೆ. ಆದರೆ ಎದೆ ಅಥವಾ ಕೈಕಾಲುಗಳ ಒಂದು ಸಾಮಾನ್ಯ ಕ್ಷ-ಕಿರಣ ಚಿತ್ರದಿಂದ ಭ್ರೂಣಕ್ಕೆ ತಲುಪುವ ವಿಕಿರಣ ಅತ್ಯಲ್ಪ. ಅದಕ್ಕಾಗಿ ಗರ್ಭಪಾತದ ಅಗತ್ಯವಿಲ್ಲ. ಗರ್ಭಿಣಿಯಾಗಿರುವ ಸಂಶಯವಿದ್ದರೆ ವೈದ್ಯರಿಗೆ ಮೊದಲೇ ತಿಳಿಸುವುದು ಅವಶ್ಯ.

ಗೌರವ

೧೯೮೬ರಲ್ಲಿ ಇವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಲಭಿಸಿತು. ಗರ್ಭಿಣಿಯರಿಗೆ ಕ್ಷ-ಕಿರಣದ ಬಳಕೆಯು ಕ್ರಮೇಣ ತಗ್ಗಿ, ಅದರ ಸ್ಥಾನಕ್ಕೆ ಅಲ್ಟ್ರಾಸೌಂಡ್ ಪರೀಕ್ಷೆ ಬಂದಿದೆ.