ಸಲಹೆ ನೀಡದ ಸಲಹೆಗಾರ

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿರುವ ನಮ್ಮ ಮನೆಗೆ ಕೆಲವು ತಿಂಗಳ ಹಿಂದೆ ನನ್ನ ತಂಗಿಯ ಮಗ ಬಂದು ಉಳಿದುಕೊಂಡನು. ಅವನ ಉದ್ಯೋಗ ಹೋಗಿತ್ತು, ನಿದ್ರೆಯೂ ಹೋಗಿತ್ತು. ಮೂವತ್ತು ವರ್ಷ ಉಪಾಧ್ಯಾಯನಾಗಿದ್ದ ನಾನು ದಿನವೂ ಬೆಳಗಿನ ತಿರುಗಾಟದಲ್ಲಿ ಅವನಿಗೆ ಬುದ್ಧಿವಾದ ಹೇಳಿದೆನು. ವಾರ ಕಳೆಯುವುದರೊಳಗೆ ಅವನು ನನ್ನೊಡನೆ ಬರುವುದನ್ನೇ ಬಿಟ್ಟನು. ತನ್ನಿಂದ ಯಾರಿಗೂ ಪ್ರಯೋಜನವಿಲ್ಲವೆಂದು ತಾಯಿಯೊಡನೆ ಹೇಳಿದನೆಂಬುದನ್ನು ಕೇಳಿ ಹೆದರಿ, ಅವನನ್ನು ಆಪ್ತಸಲಹೆ ನೀಡುವ ಮಹಿಳೆಯೊಬ್ಬರಲ್ಲಿಗೆ ಕಳುಹಿಸಿದೆವು. ಹಿಂದಿರುಗಿದವನು, ಆಕೆ ಒಂದು ಸಲಹೆಯನ್ನೂ ಕೊಡಲಿಲ್ಲವೆಂದನು. ಹಾಗಾದರೆ ಹಣ ತೆಗೆದುಕೊಂಡುದು ಏತಕ್ಕೆಂದು ನನಗೆ ಸಿಟ್ಟು ಬಂದಿತು. ಆದರೆ ಮುಂದಿನ ವಾರ ಅವನು ಯಾರೂ ಹೇಳದೆ ತಾನಾಗಿಯೇ ಹೊರಟನು. ಆ ಸೋಜಿಗವೇ ನನ್ನನ್ನು ಕಾರ್ಲ್ ರೋಜರ್ಸರ ಜೀವನದೆಡೆಗೆ ಕರೆದೊಯ್ದಿತು.

ರೋಜರ್ಸರು ಹುಟ್ಟಿದುದು 1902ರ ಜನವರಿ 8ರಂದು, ಅಮೆರಿಕದ ಷಿಕಾಗೋ ನಗರದ ಸಮೀಪದ ಓಕ್ ಪಾರ್ಕಿನಲ್ಲಿ. ಮನೆತನ ಕಟ್ಟುನಿಟ್ಟಿನ ದೈವಭಕ್ತಿಯದು. ಹುಡುಗನಿಗೆ ಹನ್ನೆರಡು ವರ್ಷವಾದಾಗ ಕುಟುಂಬವು ಬೇಸಾಯದ ಭೂಮಿಗೆ ವಲಸೆ ಹೋಯಿತು. ಅಲ್ಲಿ ಅವರು ಇರುಳು ಹಾರುವ ಪತಂಗಗಳನ್ನು ಸಾಕಿ, ಹುಳು ರೆಕ್ಕೆ ಪಡೆಯುವುದನ್ನು ತಿಂಗಳುಗಟ್ಟಲೆ ಕಾದು ನೋಡುತ್ತಿದ್ದರು. ಕಾಯುವ ಈ ವಿದ್ಯೆಯನ್ನು ಅವರು ಯಾವ ವಿಶ್ವವಿದ್ಯಾನಿಲಯದಿಂದಲೂ ಪಡೆದುದಲ್ಲವೆಂದು ನನಗೆ ತೋರುತ್ತದೆ. ಕೃಷಿಶಾಸ್ತ್ರ, ಚರಿತ್ರೆ, ಧರ್ಮಶಾಸ್ತ್ರಗಳನ್ನು ಹಾದು ಕೊನೆಗೆ ಮನಶ್ಶಾಸ್ತ್ರಕ್ಕೆ ಬಂದರು.

1928ರಿಂದ ಹನ್ನೆರಡು ವರ್ಷ ರಾಚೆಸ್ಟರ್ ನಗರದಲ್ಲಿ, ತೊಂದರೆಗೊಳಗಾದ ಮಕ್ಕಳ ನಡುವೆ ಅವರ ಕೆಲಸ ನಡೆಯಿತು. ಒಬ್ಬ ತುಂಟ ಹುಡುಗನ ತಾಯಿ ಅವರಲ್ಲಿಗೆ ಬರುತ್ತಿದ್ದಳು. ಆಕೆ ಮಗುವನ್ನು ಎಳೆತನದಲ್ಲಿ ಒಲ್ಲೆನೆಂದುದೇ ಎಲ್ಲಕ್ಕೂ ಕಾರಣವೆಂಬುದು ರೋಜರ್ಸರಿಗೆ ಸ್ಪಷ್ಟವಾಗಿತ್ತು. ಅದನ್ನು ಆಕೆಗೆ ಮನಗಾಣಿಸಲು ಎಷ್ಟೋ ಭೇಟಿಗಳಲ್ಲಿ ಹೆಣಗಿದರು. ಆಗಲಿಲ್ಲ. ಇಬ್ಬರೂ ಸೋತೆವೆಂದು ಒಪ್ಪಿಕೊಂಡು, ಕೈಕುಲುಕಿ ಬೀಳ್ಕೊಟ್ಟರು. ಬಾಗಿಲಿನವರೆಗೆ ಹೋದ ಆಕೆ ತಿರುಗಿ ನಿಂತು, ದೊಡ್ಡವರಿಗೂ ಇಲ್ಲಿ ನೆರವು ದೊರೆಯುವುದೇ ಎಂದು ಕೇಳಿದಳು. ದೊರೆಯುವುದೆಂದಾಗ ಮರಳಿ ಕುಳಿತು ತನ್ನ ದಾಂಪತ್ಯದ ಸಂಕಟವನ್ನೆಲ್ಲ ತೋಡಿಕೊಂಡಳು. ರೋಜರ್ಸರು ಅಂದು ಕೇಳುತ್ತ ಕುಳಿತರು. ಕಾಲಕ್ರಮದಲ್ಲಿ ತಾಯಿಗೂ ಮಗನಿಗೂ ಒಳಿತಾಯಿತು. ನೋವು ಎಲ್ಲಿದೆಯೆಂಬುದು ನೊಂದವರಿಗೇ ಗೊತ್ತು, ದಾರಿ ತೋರಬೇಕಾದವರೂ ಅವರೇ ಎಂಬ ಅವರ ನಿಲುವು ಬೇರೂರಿದುದು ಇಂತಹ ಅನುಭವಗಳಿಂದ.

1940ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಹೋದ ಅವರು, 1942ರ ತಮ್ಮ ಗ್ರಂಥದಲ್ಲಿ ರೋಗಿ ಎಂಬ ಮಾತನ್ನು ಬಿಟ್ಟು ಕ್ಲಯಂಟ್ ಎಂಬುದನ್ನು ಬಳಸಿದರು. ಕಕ್ಷಿದಾರ ಎಂದರೆ ನಮಗೆ ನ್ಯಾಯಾಲಯ ನೆನಪಾಗುವುದರಿಂದ ಕನ್ನಡದಲ್ಲಿ ಆ ಪದ ಒಗ್ಗದು. ಆದರೆ ಆಪ್ತಸಲಹೆಯೆಂಬ ನಮ್ಮ ಮಾತನ್ನು ಒಡೆದು ನೋಡಿದರೆ, ರೋಜರ್ಸರು ಆಪ್ತತೆಯನ್ನು ಉಳಿಸಿಕೊಂಡು ಸಲಹೆಯನ್ನು ಕೈಬಿಟ್ಟರೆನ್ನಬಹುದು. ಅದೇ ಗ್ರಂಥದಲ್ಲಿ ಒಬ್ಬನೊಡನೆ ನಡೆದ ಎಂಟು ಭೇಟಿಗಳ ಸಂಭಾಷಣೆಯನ್ನು, ಧ್ವನಿಮುದ್ರಿಸಿದಂತೆಯೇ ಅಚ್ಚು ಹಾಕಿಸಿದರು. ಬಾಗಿಲು ಮುಚ್ಚಿ ನಡೆಯುತ್ತಿದ್ದ ಚಿಕಿತ್ಸೆಯನ್ನು ಹೀಗೆ ಪರೀಕ್ಷೆಗೆ ಒಡ್ಡಿದುದು ಸಾಮಾನ್ಯ ಧೈರ್ಯವಲ್ಲ.

ಆದರೆ ನನ್ನ ಗೌರವವನ್ನು ಗಳಿಸಿದುದು ಅವರ ಸೋಲು. 1945ರಿಂದ ಷಿಕಾಗೋದಲ್ಲಿದ್ದ ಅವರು, ಆ ದಶಕದ ಕೊನೆಯಲ್ಲಿ ತೀವ್ರವಾಗಿ ಅಸ್ವಸ್ಥಳಾದ ಒಬ್ಬ ಮಹಿಳೆಗೆ ನೆರವಾಗಲು ಹೋಗಿ, ಆಕೆಯ ಮನಸ್ಸಿಗೂ ತಮ್ಮ ಮನಸ್ಸಿಗೂ ನಡುವಣ ಗಡಿಯನ್ನೇ ಕಳೆದುಕೊಂಡರು. ಆಕೆಯನ್ನು ಮನೋವೈದ್ಯರೊಬ್ಬರಿಗೆ ಅವಸರದಲ್ಲಿ ಒಪ್ಪಿಸಿ, ಪತ್ನಿ ಹೆಲೆನರೊಡನೆ ಊರನ್ನೇ ಬಿಟ್ಟು ಓಡಿದರು. ಎರಡು ಮೂರು ತಿಂಗಳ ಮೇಲೆ ಮರಳಿದಾಗಲೂ ತಾವು ಯಾವ ಯೋಗ್ಯತೆಯೂ ಇಲ್ಲದವರೆಂಬ ಭಾವನೆ ಹೋಗಲಿಲ್ಲ. ಆಗ ತಮ್ಮ ತಂಡದ ಕಿರಿಯರೊಬ್ಬರ ಎದುರು ತಾವೇ ನೆರವು ಬೇಡಿ ಬಂದವರಾಗಿ ಕುಳಿತರು, ಮೆಲ್ಲಮೆಲ್ಲನೆ ಚೇತರಿಸಿಕೊಂಡರು. ಬಿಟ್ಟುಹೋದ ಆ ಮಹಿಳೆಯ ಪಾಲಿಗೆ ಇದು ನ್ಯಾಯವೇ ಎಂಬ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿದಿದೆ.

1957ರಲ್ಲಿ ವಿಸ್ಕಾನ್ಸಿನ್ನಿಗೆ ಹೋಗಿ ಸ್ಕಿಜೋಫ್ರೇನಿಯಾ ಪೀಡಿತರ ನಡುವೆ ನಡೆಸಿದ ದೊಡ್ಡ ಪ್ರಯೋಗ ನಿರೀಕ್ಷಿಸಿದ ಫಲ ಕೊಡಲಿಲ್ಲ. ಎಲ್ಲ ವ್ಯಾಧಿಗೂ ಆಲಿಸುವುದೊಂದೇ ಮದ್ದಲ್ಲ. 1964ರಲ್ಲಿ ಕ್ಯಾಲಿಫೋರ್ನಿಯಾ ಸೇರಿದ ಅವರು 1987ರ ಫೆಬ್ರವರಿ 4ರಂದು ತೀರಿಕೊಂಡರು.

ಅಳಿಯ ಈಗಲೂ ವಾರಕ್ಕೊಮ್ಮೆ ಆ ಮಹಿಳೆಯ ಬಳಿಗೆ ಹೋಗುತ್ತಾನೆ. ಮೊನ್ನೆ ತಾನಾಗಿಯೇ ಬೆಳಿಗ್ಗೆ ಚಪ್ಪಲಿ ಮೆಟ್ಟಿ ನನ್ನೊಡನೆ ಹೊರಟನು. ಮುಖ್ಯರಸ್ತೆ ಮುಟ್ಟುವವರೆಗೂ ನಾನು ಬಾಯಿ ಬಿಡಲಿಲ್ಲ. ಅಲ್ಲಿ ಅವನೇ ಮಾತು ತೆಗೆದನು.