ದೀಪಕ್ಕೆ ಎಣ್ಣೆ ಎರೆಯುವವರು ಯಾರು?

ಇರುಳಿನಲ್ಲಿ ದೀಪ ಹಿಡಿದು ಗಾಯಾಳು ಸೈನಿಕರ ನಡುವೆ ಸಂಚರಿಸಿದ ಫ್ಲಾರೆನ್ಸ್ ನೈಟಿಂಗೇಲ್‌ರ ಕಥೆಯನ್ನು ನೀವು ಶಾಲೆಯಲ್ಲೇ ಓದಿರುತ್ತೀರಿ. ಆದರೆ ಆ ದೀಪ ಹಿಡಿದ ಕೈ ಎಷ್ಟು ಬಳಲಿತ್ತೆಂದು ಯಾರಾದರೂ ನಿಮಗೆ ಹೇಳಿದ್ದಾರೆಯೇ?

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಶ್ರೀಮಂತ ಆಂಗ್ಲ ಕುಟುಂಬವೊಂದರಲ್ಲಿ ಅವರು ಜನಿಸಿದರು. ದಾದಿಯ ಕೆಲಸ ಮರ್ಯಾದಸ್ಥರಿಗೆ ತಕ್ಕುದಲ್ಲವೆಂದು ಜನ ಭಾವಿಸಿದ್ದ ಕಾಲವದು. ಮನೆಯವರ ವಿರೋಧವನ್ನು ವರ್ಷಗಟ್ಟಲೆ ಎದುರಿಸಿ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಅವರು ತರಬೇತಿ ಪಡೆದರು.

ಕ್ರಿಮಿಯಾ ಯುದ್ಧದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್‌ಗಳು ತುರ್ಕಿಯ ಉಸ್ಮಾನೀ ಸಾಮ್ರಾಜ್ಯದ ಪಕ್ಷ ವಹಿಸಿ ರಷ್ಯದ ವಿರುದ್ಧ ಹೋರಾಡುತ್ತಿದ್ದವು. 1854ರ ನವೆಂಬರಿನಲ್ಲಿ ನೈಟಿಂಗೇಲ್ 38 ಮಹಿಳೆಯರೊಂದಿಗೆ ಇಸ್ತಾಂಬುಲಿನ ಉಸ್ಕುದಾರಿಗೆ ಬಂದರು. ಅಲ್ಲಿನ ಸಲೀಮಿಯಾ ಸೇನಾ ಬಿಡಾರವೇ ಬ್ರಿಟಿಷರ ಆಸ್ಪತ್ರೆಯಾಗಿತ್ತು. ಕಟ್ಟಿಹೋದ ಚರಂಡಿ, ಕೊಳಕು ಬಟ್ಟೆ, ಉಸಿರುಗಟ್ಟಿಸುವ ಗಾಳಿ! ಗಾಯಕ್ಕಿಂತ ಕಾಲರಾ, ಆಮಶಂಕೆ, ಜ್ವರಗಳೇ ಹೆಚ್ಚು ಜೀವ ತೆಗೆದವು. ಹಗಲಿರುಳು ಶುಶ್ರೂಷೆ ಮಾಡಿ, ಮಡಿದವರ ಮನೆಗಳಿಗೆ ಪತ್ರವನ್ನೂ ಅವರು ಬರೆಯುತ್ತಿದ್ದರು. ಆದರೂ 1855ರ ಫೆಬ್ರವರಿಯಲ್ಲಿ ಅಲ್ಲಿ ನೂರು ರೋಗಿಗಳಿಗೆ ಸುಮಾರು 42 ಮಂದಿ ಸತ್ತರು. ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿ ತೊಳೆಸಿ, ಗಾಳಿಯಾಡುವಂತೆ ಮಾಡಿದ ಮೇಲೆ, ಜೂನ್ ಹೊತ್ತಿಗೆ ಅದು ಎರಡಕ್ಕೆ ಇಳಿಯಿತು.

ಅದೇ ಮೇ ತಿಂಗಳಲ್ಲಿ ಕ್ರಿಮಿಯಾದಲ್ಲಿ ಜ್ವರ ತಗಲಿ ಅವರು ಸಾವಿನಂಚಿಗೆ ಹೋಗಿದ್ದರು. ಊರಿಗೆ ಮರಳಲು ಒಪ್ಪದೆ ಮತ್ತೆ ದುಡಿದರು. 1856ರಲ್ಲಿ ಮನೆ ಸೇರಿದಾಗ ಸನ್ಮಾನಗಳು ಬೇಡವಾದವು. ಅಂಕಿಸಂಖ್ಯೆಗಳನ್ನು ಪರಿಶೀಲಿಸಿದಾಗ, ಆಸ್ಪತ್ರೆಯ ಕೊಳಕೇ ಅಷ್ಟು ಮಂದಿಯನ್ನು ಕೊಂದಿತೆಂದು ತಿಳಿಯಿತು. 1857ರಲ್ಲಿ ಅವರು ಕುಸಿದು ಬಿದ್ದರು. ಆಗ ವಯಸ್ಸು 37. ಅನಂತರದ ಹಲವು ವರ್ಷ ಹಾಸಿಗೆಯೇ ಅವರ ಲೋಕವಾಯಿತು. ನಿದ್ರೆಯಿಲ್ಲ, ಎದೆ ಬಡಿತ, ಖಿನ್ನತೆ. ಇದು ಬ್ರುಸೆಲ್ಲೋಸಿಸ್ ಎಂಬ ಸೋಂಕಿನ ಫಲವಾಗಿರಬಹುದೆಂದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ವಾದಿಸಿತು. ಶರೀರದ ರೋಗ, ಮನಸ್ಸಿನ ನೋವು ಎರಡೂ ಕೂಡಿರಬಾರದೇಕೆ?

ಬಳಲಿದವರ ಸಹನೆಯೂ ಸವೆಯುತ್ತದೆ. ಕಾಯಿಲೆಯಲ್ಲಿದ್ದ ಮಿತ್ರ ಸಿಡ್ನಿ ಹರ್ಬರ್ಟರನ್ನೂ ಅವರು ದುಡಿಮೆಗೆ ಒತ್ತಾಯಿಸುತ್ತಲೇ ಇದ್ದರು. 1861ರಲ್ಲಿ ಹರ್ಬರ್ಟ್ ತೀರಿಕೊಂಡರು.

ಆದರೆ ಅದೇ ಹಾಸಿಗೆಯಿಂದ ಅವರು ಸಾಧಿಸಿದ್ದನ್ನು ನೋಡಿ. 1859ರಲ್ಲಿ ಶುಶ್ರೂಷೆಯ ಬಗ್ಗೆ ಪುಸ್ತಕ ಬರೆದರು. ತಾನು ಹತ್ತಿರವಿಲ್ಲದಾಗಲೂ ರೋಗಿಯ ಆರೈಕೆ ನಿಲ್ಲದಂತೆ ಏರ್ಪಾಡು ಮಾಡುವುದೇ ನಿಜವಾದ ಹೊಣೆಗಾರಿಕೆಯೆಂದು ಅದರಲ್ಲಿ ತಿಳಿಸಿದರು. 1860ರಲ್ಲಿ, ಜನರು ಕೊಟ್ಟ ಸುಮಾರು 45,000 ಪೌಂಡ್ ನಿಧಿಯಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ತೆರೆಯಿತು. ಕಲಿಯುವವರಿಗೆ ಊಟ, ವಸತಿ, ಕೈಖರ್ಚಿನ ಹಣ ಎಲ್ಲವೂ ಇತ್ತು. 1910ರ ಆಗಸ್ಟ್ 13ರಂದು, 90ರ ವಯಸ್ಸಿನಲ್ಲಿ ಅವರು ನಿಧನರಾದರು.

ಒಬ್ಬರ ಕರುಣೆ ಎಷ್ಟೇ ದೊಡ್ಡದಾದರೂ ಏರ್ಪಾಡಿಲ್ಲದಿದ್ದರೆ ಅದು ಅವರನ್ನೇ ಸುಡುತ್ತದೆ. ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಕಲಿತವರು ನಾವು. ಹಾಗಿರುವಾಗ, ರಾತ್ರಿಪಾಳಿ ಮುಗಿಸಿ ಬಂದ ಮಗಳನ್ನು ನೇರವಾಗಿ ಅಡುಗೆಮನೆಗೆ ಕಳಿಸುವುದು ನ್ಯಾಯವೇ? ಹಾಸಿಗೆ ಹಿಡಿದ ಅತ್ತೆಯ ಸೇವೆಯನ್ನು ಒಬ್ಬಳೇ ಸೊಸೆಯ ಹೆಗಲಿಗೆ ಹಾಕಿ ಅವಳ ಸಹನೆಯನ್ನು ಹೊಗಳಿದರೆ ಸಾಕೇ? ಹೊಗಳಿಕೆಯಿಂದ ಅವಳ ನಿದ್ದೆ ಮರಳಿ ಬರುವುದಿಲ್ಲ. ಗಂಡುಮಕ್ಕಳೂ ಸೇರಿ ಸರದಿ ಗೊತ್ತು ಮಾಡಿಕೊಳ್ಳಿ. ಇಂದಿನ ರಾತ್ರಿ ಯಾರ ಸರದಿ?