ದೇವರ ಮಾತು ಮಕ್ಕಳಿಗೇ ಬಿಟ್ಟ ಕಾರಂತಜ್ಜ

ಪುತ್ತೂರು ಪೇಟೆಯಿಂದ ಪರ್ಲಡ್ಕದ ಕಡೆ ಹೋದರೆ ಬಾಲವನ ಸಿಗುತ್ತದೆ. ಡಾ. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿ ಬದುಕಿದ ಜಾಗ. ಅವರ ಕಾದಂಬರಿ, ಯಕ್ಷಗಾನ, ಸಿಟ್ಟು ಎಲ್ಲವೂ ಜಿಲ್ಲೆಗೆ ಗೊತ್ತು. ದೇವರ ಬಗ್ಗೆ ಸಂಶಯ ಇಟ್ಟುಕೊಂಡಿದ್ದ ಈ ಮನುಷ್ಯ ಮಕ್ಕಳನ್ನು ಹೇಗೆ ಬೆಳೆಸಿದರು ಅನ್ನುವುದು ಮಾತ್ರ ಅಷ್ಟಾಗಿ ಮಾತಿಗೆ ಬಂದಿಲ್ಲ.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದವರು. ಕೋಟ ಬ್ರಾಹ್ಮಣರ ಮನೆ ಅಂದ ಮೇಲೆ ಕೇಳಬೇಕೇ, ಸಾಲಿಗ್ರಾಮದ ನರಸಿಂಹನೇ ಗುರು, ಅವನೇ ದೇವರು. ಗಾಂಧೀಜಿ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು, ಖಾದಿ ಪ್ರಚಾರಕ್ಕಿಳಿದರು. ಬ್ರಹ್ಮಚರ್ಯ, ಅಧ್ಯಾತ್ಮ ಅಂತಲೂ ಒಂದಷ್ಟು ಕಾಲ ಅಲೆದದ್ದುಂಟು. ಅದೆಲ್ಲ ಮಾಡಿ ನೋಡಿ, ತಮಗೆ ಒಗ್ಗದು ಅಂತ ಕಂಡಾಗ ಬಿಟ್ಟರು. ಯಾರೋ ಹೇಳಿದರು ಅಂತ ಬಿಟ್ಟವರಲ್ಲ, ಇದು ನೆನಪಿರಲಿ.

1936ರಲ್ಲಿ ಬಂಟರ ಮನೆಯ ಲೀಲಾ ಆಳ್ವರನ್ನು ಮದುವೆಯಾದರು. ಆ ಕಾಲಕ್ಕೆ ಇದೇನು ಸಣ್ಣ ಸಂಗತಿಯೇ? ನಮ್ಮ ಕಡೆ ಬ್ರಾಹ್ಮಣರಿಗೆ ಗೋತ್ರ ತಂದೆಯಿಂದ, ಬಂಟರಿಗೆ ಬಳಿ ತಾಯಿಯಿಂದ. ಇಂಥ ಮನೆಯ ಮಗು ಯಾವುದನ್ನು ಹೇಳಬೇಕು? ಅಪ್ಪನ ದೇವರಿಗೆ ಕೈ ಮುಗಿಯಬೇಕೋ, ಅಮ್ಮನ ಕಡೆಯ ದೈವಕ್ಕೋ? ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ, ಈ ನಾಲ್ವರಲ್ಲಿ ಯಾರ ಮೇಲೂ ಕಾರಂತರು ಎರಡನ್ನೂ ಹೇರಲಿಲ್ಲ.

ಹಾಗಂತ ದೇವರನ್ನು ಮನೆಯಿಂದ ಓಡಿಸಲೂ ಇಲ್ಲ. ಇಲ್ಲೇ ಇರುವುದು ಸ್ವಾರಸ್ಯ. ರಾಮ, ಕೃಷ್ಣ, ಭೀಮ, ರಾವಣ ಎಲ್ಲರೂ ಗೆಜ್ಜೆ ಕಟ್ಟಿ ಕುಣಿಯುವ ಯಕ್ಷಗಾನಕ್ಕೆ ಆಯುಷ್ಯವನ್ನೇ ತೇದವರು ಅವರು. ಶಿಲ್ಪ ನೋಡಲಿಕ್ಕೆಂದು ಗುಡಿ ಗುಡಿ ಸುತ್ತಿದವರು. ಭೂತಾರಾಧನೆಯ ಬಗ್ಗೆ ಬರೆದವರು. ನಂಬದಿದ್ದರೂ ನೋಡಬೇಕು, ತಿಳಿಯಬೇಕು ಅನ್ನುವ ಜಾತಿ. ನಾಸ್ತಿಕತನವನ್ನೇ ಇನ್ನೊಂದು ಮಠ ಮಾಡಿಕೊಂಡು ಮಕ್ಕಳಿಗೆ ದೀಕ್ಷೆ ಕೊಡುವವರೂ ಇದ್ದಾರಲ್ಲ, ಆ ಪೈಕಿ ಅಲ್ಲ.

ಊರ ಮಕ್ಕಳಿಗೂ ಅದೇ ಪಾಠ. ಗುಡುಗಿದರೆ ಅರ್ಜುನ, ಫಲ್ಗುಣ ಅಂತ ಹೇಳಿ ಮಗುವಿನ ಬಾಯಿ ಮುಚ್ಚಿಸುತ್ತಿದ್ದ ಕಾಲ ಅದು. ಮದುವೆಯಾದ 1936ರಲ್ಲೇ ಮೂರು ಸಂಪುಟಗಳ 'ಬಾಲ ಪ್ರಪಂಚ' ಬಂತು. ಕನ್ನಡದ ಮಕ್ಕಳಿಗೆ ಲೋಕದ ಸಂಗತಿಗಳನ್ನೆಲ್ಲ ಬಿಡಿಸಿ ಹೇಳಿದ ಪುಸ್ತಕ. ಮುಂದೆ ದೊಡ್ಡವರಿಗೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'. ಬಾಲವನದಲ್ಲಿ ಆಟ, ನಾಟಕ, ಕುಣಿತದ ಮೂಲಕ ಕಲಿಸಲು ಹೊರಟರು. ಆ ಶಾಲೆ ಬಹುಕಾಲ ನಡೆಯಲಿಲ್ಲ ಅನ್ನುವುದೂ ನಿಜವೇ. ಕೈಯಲ್ಲಿ ದುಡ್ಡು ನಿಲ್ಲದ ಮನುಷ್ಯ, ಕೈ ಹಾಕಿದ್ದು ಹತ್ತು ಕೆಲಸಕ್ಕೆ.

ಹಿರಿಯ ಮಗ ಹರ್ಷ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಆ ಮನೆ ಕಂಡ ದೊಡ್ಡ ದುಃಖ ಅದು. 1968ರಲ್ಲಿ 'ಮೂಕಜ್ಜಿಯ ಕನಸುಗಳು' ಬಂತು. ಮೊಮ್ಮಗ ಸುಬ್ಬರಾಯ ಕೇಳುತ್ತಾನೆ, ಅಜ್ಜಿ ದೇವರ ಮಾತನ್ನೂ ಮುಚ್ಚುಮರೆಯಿಲ್ಲದೆ ಆಡುತ್ತಾಳೆ. ಸುಮ್ಮನಿರು ಅಂತ ಗದರಿಸುವುದಿಲ್ಲ. ಜ್ಞಾನಪೀಠ ತಂದುಕೊಟ್ಟದ್ದು ಇದೇ ಕಾದಂಬರಿ.

ಮಗ ಉಲ್ಲಾಸ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ಕೃಷಿಗಿಳಿದು, ಕೊನೆಗೆ ಕಾಡು ಸೇರಿ ಹುಲಿ ವಿಜ್ಞಾನಿಯಾದರು. ಕಾಲೇಜು ಬಿಟ್ಟ ಅಪ್ಪ ಬೇಡ ಅನ್ನುವುದು ಹೇಗೆ! ಮಾಳವಿಕಾ ಮನಃಶಾಸ್ತ್ರಜ್ಞೆಯಾಗಿ ನಿಮ್ಹಾನ್ಸ್‌ನಲ್ಲಿ ದುಡಿದರು. ಬೆಳೆದ ಬಗೆಯನ್ನು ಮೂವರೂ ಸೇರಿ 2021ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದ್ದಾರೆ.

ಕೊನೆಗಾಲಕ್ಕೆ ಕಾರಂತರು ಪುತ್ತೂರು ಬಿಟ್ಟು ಸಾಲಿಗ್ರಾಮಕ್ಕೆ ಬಂದರು, ಅದೇ ನರಸಿಂಹನ ಊರಿಗೆ. 1986ರಲ್ಲಿ ಲೀಲಾ ಕಾರಂತರು ಹೋದರು. 1997ರ ಡಿಸೆಂಬರ್ 9ರಂದು ಕಾರಂತರೂ ಕಣ್ಣು ಮುಚ್ಚಿದರು. ತೊಂಬತ್ತೈದರ ಆ ವಯಸ್ಸಿನಲ್ಲಿ ಅವರು ಬರೆದದ್ದು ಹಕ್ಕಿಗಳ ಬಗ್ಗೆ ಒಂದು ಪುಸ್ತಕ.